ಹೂವು ತರುವ ರಾಜಕುಮಾರನನ್ನು ಕಂಡರೆ ಕಿರಿಕಿರಿ, ಅತ್ತೆ ಬಂದರೆ ಖುಷಿ. ನನಗೊಬ್ಬಳಿಗೇ ಹೀಗಾ?

ಕಂತುಗಳ್ಳಿ:

ಒಂದು ವೆಬ್‌ಕಾಮಿಕ್ ಓದುತ್ತಿದ್ದೇನೆ. ಹೆಸರು ಹೇಳಲ್ಲ, ಓದದವರಿಗೆ ಸ್ಪಾಯ್ಲರ್ ಆಗುತ್ತೆ. ಕಥೆ ನಮಗೆಲ್ಲ ಗೊತ್ತಿರೋ ಥರದ್ದೇ: ಎರಡು ರಾಜ್ಯ, ಯುದ್ಧ ನಿಲ್ಲಿಸೋಕೆ ಒಂದು ಮದುವೆ, ಶಾಪ ಹೊತ್ತ ಗಂಡ, ಮಾತೇ ಆಡದ ಅತ್ತೆ ಮಹಾರಾಣಿ, ಜೊತೆಗೆ ಗಂಡನ ತಮ್ಮ. ಈ ತಮ್ಮ ಅಂದ್ರೆ ನಗು, ಹೂವು, ಸರಿಯಾದ ಹೊತ್ತಿಗೆ ಸರಿಯಾದ ಮಾತು. ಶುರುವಿನಲ್ಲಿ ನಾನು ಓದುತ್ತಿದ್ದದ್ದೇ ಅವನಿಗೋಸ್ಕರ. ಗಂಡನನ್ನು ಕಂಡರೆ ಆಗುತ್ತಿರಲಿಲ್ಲ. ಮಹಾರಾಣಿ ಬಂದರಂತೂ ಮೈಯೆಲ್ಲ ಉರಿ.

ಈಗ ಅರ್ಧ ದಾಟಿದ್ದೇನೆ. ತಮ್ಮ ಒಂಚೂರೂ ಬದಲಾಗಿಲ್ಲ. ಆದರೆ ಅವನ ಮುಖ ಕಂಡ ಕೂಡಲೇ ಬೆರಳು ತಾನಾಗೇ ಬೇಗ ಬೇಗ ಸ್ಕ್ರೋಲ್ ಮಾಡುತ್ತೆ. ಮಹಾರಾಣಿ ಯಾವಾಗ ಬರ್ತಾಳೋ ಅಂತ ಕಾಯುತ್ತೇನೆ!

ಎಲ್ಲಿ ತಿರುಗಿತು ಅನ್ನೋದು ಗೊತ್ತು. ನಾಯಕಿಗೆ ಜ್ವರ ಬಂದಿರುತ್ತೆ. ತಮ್ಮ ಮಂಚದ ಪಕ್ಕ ಕೂತು ಅವಳ ಕೈ ಹಿಡಿದು, ನಿನಗೇನಾದ್ರೂ ಆದ್ರೆ ನನ್ನ ಗತಿ ಏನು, ನನಗೆಷ್ಟು ಭಯ ಆಗ್ತಿದೆ ಗೊತ್ತಾ ಅಂತ ಒಂದೇ ಸಮ ಹೇಳ್ತಾ ಇರ್ತಾನೆ, ಆ ಜ್ವರದಲ್ಲೇ ಅವಳು ಅವನಿಗೆ ಸಮಾಧಾನ ಮಾಡ್ತಾಳೆ. ಅವನು ಹೋದ ಮೇಲೆ ಮಹಾರಾಣಿ ಬರ್ತಾಳೆ. ಒಂದು ಮಾತೂ ಇಲ್ಲ. ಕಿಟಕಿ ಮುಚ್ಚುತ್ತಾಳೆ. ಅವನು ತಂದು ಬಾಡಿಹೋಗಿದ್ದ ಹೂವನ್ನು ಹೂದಾನಿಯಿಂದ ತೆಗೆದುಕೊಂಡು ಹೋಗುತ್ತಾಳೆ. ಅಷ್ಟೇ.

ಆಮೇಲೆ ಮೊದಲಿಂದ ಮತ್ತೆ ಓದಿದೆ. ಆ ತಮ್ಮ ಅವಳಿಗೆ ಒಂದೇ ಒಂದು ಪ್ರಶ್ನೆ ಕೇಳಿಲ್ಲ ಕಣ್ರೀ. ಹೇಗಿದ್ದೀಯ, ಊಟ ಆಯ್ತಾ, ಊರು ನೆನಪಾಗುತ್ತಾ, ಏನೂ ಇಲ್ಲ. ಬರೀ ತನ್ನದೇ ಮಾತು. ಇದನ್ನು ಕಾಮಿಕ್ ಬರೆದವರು ಮೊದಲೇ ಲೆಕ್ಕ ಹಾಕಿ ಇಟ್ಟಿದ್ರಾ, ಅಥವಾ ನಾನೇ ಈಗ ಬೇರೆ ಕಣ್ಣಲ್ಲಿ ನೋಡ್ತಿದ್ದೀನಾ? ಇನ್ನೊಂದು, ನಾಯಕಿ ಮೇಲೆ ಈಗ ಕೋಪವೂ ಇಲ್ಲ, ಪ್ರೀತಿಯೂ ಇಲ್ಲ. ಅವಳು ಇದ್ದಾಳೆ, ಅಷ್ಟೇ. ಅದು ಯಾಕೆ?

ಮೂರನೇ ಪ್ಯಾನೆಲ್:

ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಇಂಥ ಕಾಮಿಕ್‌ಗಳಲ್ಲಿ ಮನಸ್ಸಿನ ಮಾತು ಬರೆಯೋ ಡಬ್ಬಿ ಶುರುವಿನಲ್ಲಿ ಹೆಚ್ಚಾಗಿ ನಾಯಕಿಗೆ ಮಾತ್ರ ಇರುತ್ತೆ. ಉಳಿದವರ ತಲೆಯೊಳಗೆ ನಮಗೆ ಪ್ರವೇಶ ಇಲ್ಲ. ಅವಳು ಹೆದರಿದರೆ ಗಂಡನನ್ನು ಕೆಳಗಿನಿಂದ ನೋಡಿದ ಹಾಗೆ ಬರೀತಾರೆ, ಕಣ್ಣಿನ ಮೇಲೆ ನೆರಳು ಹಾಕ್ತಾರೆ, ಹಿಂದಿನ ಬಣ್ಣ ಕಪ್ಪು ಮಾಡ್ತಾರೆ. ಅವಳಿಗೆ ಹಾಯೆನಿಸಿದರೆ ತಮ್ಮನ ಸುತ್ತ ಹೊಳೆಯೋ ಚುಕ್ಕಿ, ಗುಲಾಬಿ ಬಣ್ಣ. ಹಾಗಾಗಿ ನೀವು ಇಷ್ಟಪಟ್ಟದ್ದು ತಮ್ಮನನ್ನಲ್ಲ, ಅವಳಿಗೆ ಅವನು ಹೇಗೆ ಕಂಡ ಅನ್ನೋದನ್ನ.

ಒಂದು ಕೆಲಸ ಮಾಡಿ. ಆ ಕಿಟಕಿ ಮುಚ್ಚುವ ಪ್ಯಾನೆಲ್, ಅಂದ್ರೆ ಆ ಒಂದು ಚೌಕಟ್ಟಿನ ಚಿತ್ರ, ಆದ ಮೇಲೆ ಎಷ್ಟು ಖಾಲಿ ಜಾಗ ಬಿಟ್ಟಿದ್ದಾರೆ ನೋಡಿ. ಫೋನಿನಲ್ಲಿ ಮೇಲಿಂದ ಕೆಳಗೆ ಓದುವ ಕಾಮಿಕ್‌ನಲ್ಲಿ ಖಾಲಿ ಜಾಗ ಅಂದರೆ ಸಮಯ. ಬೆರಳು ಎಳೀತಾ ಇರುತ್ತೆ, ಏನೂ ಬರಲ್ಲ, ಅಷ್ಟರಲ್ಲಿ ನಾವೇ ಏನೋ ಯೋಚನೆ ಮಾಡಿರ್ತೀವಿ. ಮಹಾರಾಣಿಯ ಮನಸ್ಸಿನಲ್ಲಿ ಏನಿತ್ತು ಅಂತ ಅವರು ಬರೆದಿಲ್ಲ, ನೀವು ಬರೆದುಕೊಂಡ್ರಿ. ನಾವೇ ತುಂಬಿಕೊಂಡ ಪಾತ್ರವನ್ನು ಬಿಟ್ಟುಕೊಡೋದು ಕಷ್ಟ.

ಮಲತಾಯಿ ಪರ ವಕೀಲ:

ಮೇಲಿನವರು ಹೇಳಿದ್ದು ಸರಿ. ಆದರೆ ಈ ಆಟ ಕಾಮಿಕ್‌ಗಿಂತ ಹಳೆಯದು. ಗ್ರಿಮ್ ಸಹೋದರರು 1812ರಲ್ಲಿ ಮೊದಲು ಅಚ್ಚು ಹಾಕಿಸಿದ ಸ್ನೋ ವೈಟ್ ಕಥೆಯಲ್ಲಿ ಆ ಕೆಟ್ಟ ರಾಣಿ ಮಲತಾಯಿ ಅಲ್ಲ, ಹೆತ್ತ ತಾಯಿಯೇ. 1819ರ ಎರಡನೇ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಕನ್ನಡಿ ಅದೇ, ಹೊಟ್ಟೆಕಿಚ್ಚು ಅದೇ. ಆದರೆ ಓದುವವರಿಗೆ ಸಲೀಸಾಗಿ ಬೈಯೋಕೆ ಒಬ್ಬಳು ಸಿಕ್ಕಳು. ಕಪ್ಪೆ ರಾಜಕುಮಾರನ ಕಥೆಯೂ ಅಷ್ಟೇ. ರಾಜಕುಮಾರಿ ಮುತ್ತು ಕೊಟ್ಟದ್ದಕ್ಕೆ ಕಪ್ಪೆ ರಾಜಕುಮಾರನಾದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಗ್ರಿಮ್ ಕಥೆಯಲ್ಲಿ ರಾಜಕುಮಾರಿ ಸಿಟ್ಟಿನಿಂದ ಕಪ್ಪೆಯನ್ನು ಗೋಡೆಗೆ ಎಸೀತಾಳೆ, ಆಗ ಅದು ಮನುಷ್ಯನಾಗುತ್ತೆ. ಆ ಹುಡುಗಿ ಮುತ್ತು ಕೊಟ್ಟವಳಿಗಿಂತ ನನಗೆ ಜಾಸ್ತಿ ಇಷ್ಟ.

ಈಗಿನ ಕಾಮಿಕ್‌ನವರಿಗೆ ಇದೆಲ್ಲ ಓದುಗರಿಗೆ ಗೊತ್ತು ಅನ್ನೋದು ಗೊತ್ತು. ಅದಕ್ಕೇ ಅತ್ತೆ, ಮಲತಾಯಿ, ಖಳನಾಯಕಿ ಇವರನ್ನೆಲ್ಲ ಬೇಕಂತಲೇ ತಿರುಗಿಸಿ ಹಾಕ್ತಾರೆ. ಖಳನಾಯಕಿಯಾಗಿ ಮರುಜನ್ಮ ಎತ್ತಿದ ಹುಡುಗಿಯ ಕಥೆಗಳಂತೂ ಒಂದು ದಂಡೇ ಇವೆ. ನನ್ನ ತಕರಾರು ಒಂದೇ: ಖಳನಾಯಕಿಯನ್ನು ಒಳ್ಳೆಯವಳು ಮಾಡೋ ಭರದಲ್ಲಿ ಮೊದಲು ನಾಯಕಿಯಾಗಿದ್ದ ಸೌಮ್ಯ ಹುಡುಗಿಯನ್ನು ಒಳಸಂಚಿನವಳು ಮಾಡಿಬಿಡ್ತಾರೆ. ಬೈಸಿಕೊಳ್ಳೋಕೆ ಒಬ್ಬಳು ಬೇಕೇ ಬೇಕು ಅನ್ನೋ ಹಾಗೆ.

ಬಾಕಿ ಎಪಿಸೋಡ್:

ಇಷ್ಟೆಲ್ಲ ಯೋಚನೆ ಮಾಡ್ಬೇಡಿ. ಎರಡನೇ ಹುಡುಗನನ್ನು, ಅಂದ್ರೆ ಆ ತಮ್ಮನನ್ನು, ಸೋಲಿಸಬೇಕು, ಅದಕ್ಕೆ ಬೋರ್ ಮಾಡಿದ್ದಾರೆ, ಅಷ್ಟೇ.

ಒಂದು ಮಾತು ಮಾತ್ರ ಯಾರೂ ಹೇಳಲಿಲ್ಲ. ನೀವು ವಾರಕ್ಕೊಂದು ಎಪಿಸೋಡ್ ಓದ್ತಿದ್ದೀರಾ ಅಥವಾ ಒಟ್ಟಿಗೇನಾ? ಗಂಡ ಹೆಂಡತಿ ನಡುವಿನ ಒಂದು ಸಣ್ಣ ತಪ್ಪು ತಿಳುವಳಿಕೆ ನಾಲ್ಕು ಎಪಿಸೋಡ್ ಎಳೆದರೆ ವಾರಕ್ಕೊಂದು ಓದುವವರಿಗೆ ಅದು ಒಂದು ತಿಂಗಳ ಸಿಟ್ಟು. ಒಟ್ಟಿಗೆ ಓದುವವರು ಅದನ್ನು ಒಂದೇ ಕೂತಲ್ಲಿ ದಾಟಿಬಿಡ್ತಾರೆ. ಸಾಲದ್ದಕ್ಕೆ ಪ್ರತಿ ಎಪಿಸೋಡ್ ಕೆಳಗೆ ಕಾಮೆಂಟ್ ಬೇರೆ. ನನಗೆ ಇಷ್ಟವಿದ್ದ ಎಷ್ಟೋ ಪಾತ್ರಗಳು ಆ ಕಾಮೆಂಟ್ ಓದಿಯೇ ಹಾಳಾಗಿವೆ.

ಕ್ಷಮೆ ಇಲ್ಲ:

ಮಹಾರಾಣಿ ಸರಿ. ಗಂಡನ ವಿಷಯ ಯಾರೂ ಎತ್ತಲಿಲ್ಲ ಅಲ್ವಾ? ನೀವು ಹೇಳ್ತಿರೋದು ಯಾವ ಕಾಮಿಕ್ ಅಂತ ನನಗೆ ಅಂದಾಜಿದೆ. ಅದೇ ಆಗಿದ್ರೆ, ಶುರುವಿನಲ್ಲಿ ಅವನು ಅವಳನ್ನು ಗೋಪುರದಲ್ಲಿ ಕೂಡಿ ಹಾಕಿದ್ದ. ಆಮೇಲೆ ಒಂದು ಫ್ಲ್ಯಾಶ್‌ಬ್ಯಾಕ್: ಹಿಮ, ಬರಿಗಾಲು, ಏಟು ತಿಂದ ಪುಟ್ಟ ಹುಡುಗ. ತಗೊಳ್ಳಿ, ಎಲ್ಲರೂ ಪಾಪ ಪಾಪ ಅಂತ ಅಳೋಕೆ ಶುರು. ನನಗೂ ಪಾಪ ಅನಿಸಿತು, ಇಲ್ಲ ಅನ್ನಲ್ಲ. ಆದರೆ ಆ ಪಾಪ ಆ ಹುಡುಗನಿಗೆ. ಬಾಗಿಲಿಗೆ ಬೀಗ ಹಾಕಿದ್ದು ದೊಡ್ಡವನಾದ ಮೇಲೆ.

ಮಹಾರಾಣಿ ಯಾಕೆ ಗೆದ್ದಳು ಅಂದ್ರೆ ಅವಳಿಗೆ ಫ್ಲ್ಯಾಶ್‌ಬ್ಯಾಕೇ ಇಲ್ಲ. ಬಂದಳು, ಕೆಲಸ ಮಾಡಿದಳು, ಹೋದಳು.

ವಕೀಲರು ಹಳೇ ಕಥೆ ತೆಗೆದ್ರಲ್ಲ, ನಾನೂ ಒಂದು ಹೇಳ್ತೀನಿ. ಬ್ಯೂಟಿ ಅಂಡ್ ದಿ ಬೀಸ್ಟ್ ಕಥೆಯನ್ನು 1740ರಲ್ಲಿ ವಿಲ್‌ನೆವ್ ಅನ್ನೋ ಫ್ರೆಂಚ್ ಲೇಖಕಿ ಬರೆದಾಗ ಅದು ಉದ್ದದ ಕಥೆ. ರಾಜಕುಮಾರ ಮೃಗವಾಗೋ ಶಾಪ ಯಾಕೆ ಬಂತು, ಅವನನ್ನು ಸಾಕಿದ ಯಕ್ಷಿಣಿಯೇ ಹೇಗೆ ಅವನನ್ನು ಮದುವೆಯಾಗಬೇಕು ಅಂತ ಹಟ ಹಿಡಿದಳು, ಎಲ್ಲ ವಿವರ ಇದೆ. 1756ರಲ್ಲಿ ಬೋಮೋಂ ಅನ್ನೋ ಇನ್ನೊಬ್ಬ ಲೇಖಕಿ ಅದನ್ನು ಚಿಕ್ಕದು ಮಾಡಿ, ಆ ಹಿನ್ನೆಲೆಯನ್ನೆಲ್ಲ ಕಿತ್ತುಹಾಕಿದಳು. ಒಬ್ಬ ಕೆಟ್ಟ ಯಕ್ಷಿಣಿ ಶಾಪ ಕೊಟ್ಟಳು ಅಂತಷ್ಟೇ ಉಳಿಯಿತು. ಹೆಚ್ಚು ಜನರಿಗೆ ಗೊತ್ತಿರೋದು ಈ ಚಿಕ್ಕದೇ. ಅಲ್ಲಿ ಮೃಗ ಯಾಕೆ ಇಷ್ಟವಾಗುತ್ತೆ? ಮದುವೆಯಾಗ್ತೀಯಾ ಅಂತ ತನ್ನ ಅರಮನೆಗೆ ಬಂದ ಹುಡುಗಿಯನ್ನು ರಾತ್ರಿ ಕೇಳುತ್ತೆ, ಇಲ್ಲ ಅಂದ್ರೆ ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತೆ. ಅಪ್ಪನನ್ನು ನೋಡಬೇಕು ಅಂದ್ರೆ ಕಳಿಸಿಕೊಡುತ್ತೆ. ಅದರ ಬಾಲ್ಯ ಕಟ್ಕೊಂಡು ಯಾರಿಗೇನು?

ಕಂತುಗಳ್ಳಿ:

ನೋಡಿದೆ. ಕಿಟಕಿ ಆದ ಮೇಲೆ ಮೂರು ಸಲ ಬೆರಳು ಎಳೆಯೋವಷ್ಟು ಬರೀ ಬಿಳಿ! ಒಟ್ಟಿಗೇ ಓದ್ತಿದ್ದೀನಿ, ಕಾಮೆಂಟ್ ನೋಡಲ್ಲ, ಹಾಗಾಗಿ ಕಿರಿಕಿರಿ ನನ್ನದೇ ಸ್ವಂತದ್ದು. ಗೋಪುರದ ವಿಷಯದಲ್ಲಿ ನಾನು ಅರ್ಧ ಕ್ಷಮಿಸಿದ್ದೆ, ಈಗ ಮತ್ತೆ ಸಿಟ್ಟು ಬಂತು, ಥ್ಯಾಂಕ್ಸ್. ನಾಯಕಿ ಬಗ್ಗೆ ಯಾರೂ ಹೇಳಲಿಲ್ಲ?

ಮೂರನೇ ಪ್ಯಾನೆಲ್:

ಅವಳು ಕೊನೇ ಸಲ ತಾನಾಗೇ ಏನಾದ್ರೂ ತೀರ್ಮಾನ ಮಾಡಿ ಎಡವಟ್ಟು ಮಾಡಿಕೊಂಡದ್ದು ಯಾವಾಗ? ಉಳಿದವರ ಮನಸ್ಸು ಒಂದೊಂದಾಗಿ ತೆರೆದುಕೊಳ್ಳೋಕೆ ಶುರುವಾದ ಮೇಲೆ ಅವಳಿಗೆ ಕೇಳಿಸಿಕೊಳ್ಳೋದು, ಕಣ್ಣೀರು ಒರೆಸೋದು ಬಿಟ್ಟು ಕೆಲಸವೇ ಉಳಿಯಲ್ಲ. ತಪ್ಪೇ ಮಾಡದವಳ ಮೇಲೆ ಕೋಪವೂ ಬರಲ್ಲ, ಆಸೆಯೂ ಬರಲ್ಲ.

ಕಂತುಗಳ್ಳಿ:

ಮದುವೆಗೆ ಒಪ್ಪಿಕೊಂಡದ್ದೇ ಕೊನೆ ಇರಬೇಕು. ಆಗ ಅವಳು ತುಂಬಾ ಇಷ್ಟವಾಗಿದ್ದಳು.

ಬಾಕಿ ಎಪಿಸೋಡ್:

ಹಾಗಾದ್ರೆ ಮುಂದೆ ಓದಿ. ಮೇಲಿನವರ ಅಂದಾಜೇ ನನ್ನದೂ ಆಗಿದ್ರೆ, ಅವಳು ಒಂದು ದೊಡ್ಡ ತಪ್ಪು ಮಾಡ್ತಾಳೆ, ಅದೂ ಮಹಾರಾಣಿಗೇ. ಇನ್ನೇನೂ ಹೇಳಲ್ಲ.