ಅಪ್‌ಡೇಟ್: ಏರ್ ಫಿಲ್ಟರ್ ಹಾಕಿ ಆಯ್ತು

ಚಿತ್ರದುರ್ಗ-ಚಳ್ಳಕೆರೆ ದಿನಾ ಓಡಾಡುವ ನನ್ನ ಕಾರಿಗೆ, ಎಂಜಿನ್‌ಗೆ ಹೋಗುವ ಗಾಳಿ ಸೋಸಲು, ಪೇಪರ್ ಫಿಲ್ಟರ್ ಹಾಕಲಾ, ತೊಳೆದು ಬಳಸುವ ಕಾಟನ್ ಫಿಲ್ಟರಾ ಅಂತ ಕೇಳಿದ್ದೆನಲ್ಲ? ಪೇಪರನ್ನೇ ಹಾಕಿದೆ. ಕಾಟನ್ ಆದರೆ ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಹಾಕಬೇಕು. ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರ್‌ಗೆ ಮೆತ್ತಿಕೊಳ್ಳಬಹುದು. ಆ ರಗಳೆ ನನಗೆ ಬೇಡ.

ಹಳೆಯದನ್ನು ತೆಗೆದಾಗ ಗಾಬರಿಯಾಯಿತು. ಮಡಿಕೆಗಳ ತುಂಬ ಕೆಂಪು ಧೂಳು, ನಡುವೆ ಶೇಂಗಾ ಹೊಟ್ಟು. ಅದು ಬಿಡಿ, ಫಿಲ್ಟರ್ ಕೂರುವ ಡಬ್ಬಿಯ ಒಂದು ಕ್ಲಿಪ್ಪೇ ಕೂತಿರಲಿಲ್ಲ! ಫಿಲ್ಟರ್ ದಾಟಿ ಎಂಜಿನ್ ಕಡೆ ಹೋಗುವ ಪೈಪಿನೊಳಗೆ ಬೆರಳಾಡಿಸಿದರೆ ನುಣ್ಣನೆ ಮಣ್ಣು. ಅಲ್ಲಿ ಧೂಳು ಇರಲೇಬಾರದು ಅಲ್ವಾ? ಬಟ್ಟೆಯಲ್ಲಿ ಒರೆಸಿ, ರಬ್ಬರ್ ಅಂಚು ಸುತ್ತಲೂ ಕೂತಿದೆಯಾ ನೋಡಿಯೇ ಮುಚ್ಚಿದೆ.

ಧೂಳು ತೆಗೆಯಲು ಜೋರಾಗಿ ಗಾಳಿ ಹೊಡೆಸಿದರೆ ಪೇಪರ್ ಹರಿಯಬಹುದು ಎಂದು ಎಚ್ಚರಿಸಿದವರಿಗೆ ಧನ್ಯವಾದ. ನಮ್ಮ ಧೂಳಿಗೆ 5,000 ಕಿ.ಮೀ.ಗೊಮ್ಮೆ ತೆರೆದು ನೋಡುತ್ತೇನೆ.