ಅಪ್‌ಡೇಟ್: ವಾರ್ಡಿನವರಿಗೆ ಕೊನೆಗೆ ಏನು ಕೊಟ್ಟೆ ಅಂದ್ರೆ

ರಕ್ತದ ಕ್ಯಾನ್ಸರ್ ಅಂತ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿದ್ದ ಮಗಳನ್ನ ನೋಡಿಕೊಂಡವರಿಗೆ ಹೇಗೆ ಥ್ಯಾಂಕ್ಸ್ ಹೇಳೋದು ಅಂತ ಕೇಳಿದ್ದೆ. ದುಡ್ಡು ಬೇಡ, ಕೈಯಾರೆ ಪತ್ರ ಬರೀರಿ ಅಂದಿದ್ರಿ. ಬರೆದೆ. ಮೊದಲ ಹಂತದ ಕೀಮೋ ಮುಗಿದು ಪುಟ್ಟಿ ಮನೆಗೆ ಬಂದಿದ್ದಾಳೆ. ಔಷಧಿ ಇನ್ನೂ ಎರಡು ವರ್ಷದ ಮೇಲೇ ಇದೆ.

ಸೂಜಿ ಚುಚ್ಚೋಕೆ ನರ ಸಿಗದೆ ಅವಳು ಕಿರುಚಾಡುವಾಗ ಸಿಸ್ಟರ್ ಮೊದಲು ಗೊಂಬೆ ಕೈಗೆ ಪ್ಲಾಸ್ಟರ್ ಹಚ್ಚಿ, ‘ಈಗ ನಿನ್ನ ಸರದಿ’ ಅನ್ನೋರು. ಅದನ್ನೇ ಬರೆದೆ. ಡಾಕ್ಟರನ್ನ ಎಲ್ಲರೂ ನೆನೀತಾರೆ, ಆಯಾನ್ನ ಯಾರು ನೆನೀತಾರೆ? ಬೆನ್ನಿಗೆ ಸೂಜಿ ಹಾಕೋ ದಿನ ನನಗೇ ತಲೆ ಸುತ್ತಿದಾಗ ಹಿಡಿದು ಕೂರಿಸಿದವರು ಅವರು. ಅವರಿಗೆ ಬೇರೆಯೇ ಪತ್ರ. ಓದಿಸಿಕೊಂಡು ಕಣ್ಣೊರೆಸಿಕೊಂಡ್ರು, ಮರುಕ್ಷಣವೇ ಗದರಿದ್ರು: ‘ಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಮ್ಮ, ರಾತ್ರೀನೇ ಕರ್ಕೊಂಡು ಬಾ.’