ಬೌದ್ಧಿಕ ವಿಕಲಚೇತನರಾದ ವಯಸ್ಕರಿಗೆ ನಮ್ಮ ಕ್ರೈಸ್ತ ಸಭೆಯಲ್ಲಿ ಸ್ಥಾನವೆಲ್ಲಿ?

ಪ್ರಶ್ನೆ: ಗುಳೇದಗುಡ್ಡದ ಸಭಾಸದಸ್ಯೆ

ಕರ್ತನ ಹೆಸರಿನಲ್ಲಿ ಎಲ್ಲರಿಗೂ ವಂದನೆಗಳು. ಬಾಸೆಲ್ ಮಿಷನ್ 1851ರಲ್ಲಿ ನೆಲೆಯೂರಿದ ಊರು ನಮ್ಮದು; ಸಭೆ ಚಿಕ್ಕದಾದರೂ ಹಳೆಯದು. ಮೂವತ್ತು ದಾಟಿದ, ಡೌನ್ ಸಿಂಡ್ರೋಮ್ ಇರುವ ಸಹೋದರರೊಬ್ಬರು ನಮ್ಮಲ್ಲಿದ್ದಾರೆ. ಅವರನ್ನು ಇಂದಿಗೂ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ಚಾಪೆಯ ಮೇಲೆಯೇ ಕೂರಿಸುತ್ತಾರೆ. ತನ್ನ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳಲು ಸಿದ್ಧಗೊಳಿಸುವ ದೃಢೀಕರಣದ ತರಗತಿಗೆ ಅವರ ಹೆಸರನ್ನು ಯಾರೂ ಸೂಚಿಸಲಿಲ್ಲವಾದ್ದರಿಂದ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿನಲ್ಲಿ ತಾಯಿ ಮುಂದೆ ಹೋಗಿ ಬರುವವರೆಗೆ ಅವರು ಬೆಂಚಿನ ಮೇಲೆ ಒಬ್ಬರೇ ಉಳಿಯುತ್ತಾರೆ. ಇಂಥದೇ ಮಕ್ಕಳಿರುವ ಬೇರೆ ಕುಟುಂಬಗಳು ಆರಾಧನೆಗೆ ಬರುವುದನ್ನೇ ಬಿಟ್ಟಿವೆ. ಈ ವಯಸ್ಕರಿಗಾಗಿ ಒಂದು ಸೇವೆಯನ್ನು ಆರಂಭಿಸಬೇಕೆಂಬುದು ನನ್ನ ಆಸೆ. ಆದರೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಾರದವನಿಗೆ ಭೋಜನವನ್ನು ಕೊಡಲಾಗದು ಎಂದು ಹಿರಿಯರು ಬೈಬಲಿನಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ (1 ಕೊರಿಂಥ) 11ನೆಯ ಅಧ್ಯಾಯವನ್ನು ತೋರಿಸುತ್ತಾರೆ. ನಾನು ಎಲ್ಲಿಂದ ಆರಂಭಿಸಲಿ?

ಉತ್ತರ 1: ನಿವೃತ್ತ ಸಭಾಪಾಲಕ, ಬೆಳಗಾವಿ

ಸಹೋದರಿ, ನಿಮ್ಮ ಹಿರಿಯರು ತೋರಿಸುವ ಅಧ್ಯಾಯವನ್ನೇ ಅವರೊಡನೆ ಕೂತು ಇಪ್ಪತ್ತೊಂದನೆಯ ವಚನದಿಂದ ಓದಿರಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರನ್ನು ಹಸಿದಿರಲು ಬಿಟ್ಟು ನಾಚಿಸುತ್ತಿದ್ದರು. ಪೌಲನು ಕೋಪಗೊಂಡು ಬರೆದದ್ದು ಅದಕ್ಕಾಗಿ. ಒಬ್ಬನ ಬುದ್ಧಿಯ ಮಟ್ಟವನ್ನು ಅಳೆಯಿರಿ ಎಂದು ಆತನು ಎಲ್ಲಿಯೂ ಹೇಳಲಿಲ್ಲ. ಮುಂದಿನ ಅಧ್ಯಾಯದ ಇಪ್ಪತ್ತೆರಡನೆಯ ವಚನದಲ್ಲಿ, ಬಲಹೀನವಾಗಿ ಕಾಣುವ ಅಂಗಗಳೇ ದೇಹಕ್ಕೆ ಅವಶ್ಯವೆಂದು ಹೇಳುವವನೂ ಅವನೇ. ಹೀಗಿರುವಾಗ, ಸಭೆಯ ಒಬ್ಬ ಸದಸ್ಯನನ್ನು ಮೇಜಿನಿಂದ ದೂರ ಕೂರಿಸುವವರೇ ತಮ್ಮನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯ 777ನೆಯ ನಿಯಮವು, ದೈಹಿಕ ಅಥವಾ ಮಾನಸಿಕ ಅಡಚಣೆಯುಳ್ಳವರಿಗೂ ಅವರ ಸ್ಥಿತಿಗೆ ಸಾಧ್ಯವಿರುವಷ್ಟು ಧರ್ಮೋಪದೇಶವನ್ನು ಕೊಡುವ ಹೊಣೆಯನ್ನು ಗುರುಗಳ ಮೇಲೆಯೇ ಇರಿಸುತ್ತದೆ. 1971ರಲ್ಲಿ ಫ್ರಾನ್ಸಿನ ಲೂರ್ದ್ ಯಾತ್ರೆಯಿಂದ ಹುಟ್ಟಿದ 'ಫೇತ್ ಅಂಡ್ ಲೈಟ್' ಎಂಬ ಬಳಗಗಳಲ್ಲಿ ವಿಕಲಚೇತನರು, ಅವರ ಮನೆಯವರು ಮತ್ತು ಗೆಳೆಯರು ಮೂವರೂ ಒಟ್ಟಿಗೆ ಸೇರುತ್ತಾರೆ. ಆ ಬಗೆಯ ಕೂಟವನ್ನು ಮೊದಲು ಒಂದು ಮನೆಯಲ್ಲಿ ನಡೆಸಿರಿ. ಸಮಿತಿಯ ಠರಾವಿಗೆ ಕಾಯಬೇಡಿರಿ.

ಉತ್ತರ 2: ವಿಶೇಷ ಶಿಕ್ಷಕಿ, ಬಾಗಲಕೋಟೆ

ಅಕ್ಕಾವ್ರೇ, ಬೇರೆ ತರಗತಿ ಬೇಕೇ ಎಂದು ಯೋಚಿಸುವ ಮುನ್ನ ಅವರನ್ನು ಆ ಚಾಪೆಯಿಂದ ಎಬ್ಬಿಸಿರಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೂವತ್ತು ದಾಟಿದವರು ತಮ್ಮ ಓರಗೆಯವರ ಸಾಲಿನಲ್ಲಿ ಕೂರಬೇಕು, ಅವರಿಗೊಂದು ಕೆಲಸವೂ ಇರಬೇಕು. ಕೀರ್ತನೆ ಪುಸ್ತಕಗಳನ್ನು ಬೆಂಚುಗಳ ಮೇಲೆ ಇಡುವುದು, ಗಂಟೆ ಬಾರಿಸುವುದು, ಕಾಣಿಕೆ ಚೀಲವನ್ನು ಸಾಲಿನಿಂದ ಸಾಲಿಗೆ ಒಯ್ಯುವುದು, ಹೀಗೆ ಯಾವುದನ್ನು ಕೊಟ್ಟರೂ ಪ್ರತಿ ಭಾನುವಾರ ಅದೇ ಕೆಲಸ ಇರಲಿ. ನಡುವೆ ಬದಲಾಯಿಸಿದರೆ ಗೊಂದಲವಾಗುತ್ತದೆ. ಗಂಟೆ, ಕೀರ್ತನೆ, ಕಾಣಿಕೆ, ಪ್ರಸಂಗ, ಭೋಜನ, ಆಶೀರ್ವಾದ ಇವುಗಳ ಫೋಟೋಗಳನ್ನು ನಿಮ್ಮ ದೇವಾಲಯದಲ್ಲಿಯೇ ತೆಗೆದು, ರಟ್ಟಿಗೆ ಅಂಟಿಸಿ, ಮುಗಿದ ಹಾಗೆ ಒಂದೊಂದನ್ನು ಮಗುಚಿ ಇಡುವುದನ್ನು ಕಲಿಸಿರಿ. ಇನ್ನೆಷ್ಟು ಹೊತ್ತು ಎಂಬುದು ಅವರಿಗೆ ಕಣ್ಣಿಗೇ ಕಾಣುತ್ತದೆ. ಇಂಥ ರಟ್ಟುಗಳನ್ನು ಹಿಡಿದೇ ಭೋಜನದ ಪಾಠವನ್ನೂ ಮಾಡಬಹುದು. ರೊಟ್ಟಿಯನ್ನು ತೋರಿಸಿದಾಗ "ಯೇಸುವಿನದು" ಎಂದು ಹೇಳಬಲ್ಲವರಿಗೆ ಇನ್ನೇನನ್ನು ಕಲಿಸಬೇಕೆಂದು ನಿಮ್ಮ ಹಿರಿಯರನ್ನೇ ಕೇಳಿರಿ.

ಆಟಿಸಂ ಇರುವವರು ಬಂದರೆ ಧ್ವನಿವರ್ಧಕದ ಡಬ್ಬಿಯಿಂದ ದೂರ, ಪಕ್ಕದ ಬಾಗಿಲಿನ ಹತ್ತಿರ ಜಾಗ ಕೊಡಿರಿ. ಅವರು ಕಿವಿ ಮುಚ್ಚಿಕೊಳ್ಳುವುದು ಅಶ್ರದ್ಧೆಯಿಂದಲ್ಲ, ಕೀಬೋರ್ಡು ಮತ್ತು ಡ್ರಮ್ಮಿನ ಸದ್ದು ಅವರಿಗೆ ನಿಜವಾಗಿಯೂ ನೋವು ಕೊಡುತ್ತದೆ. ಶೌಚಾಲಯಕ್ಕೆ ಕರೆದೊಯ್ಯಲು, ಮನೆಗೆ ತಲುಪಿಸಲು ಒಬ್ಬರನ್ನೇ ಕಳುಹಿಸಬೇಡಿರಿ. ಯಾವಾಗಲೂ ಇಬ್ಬರಿರಲಿ, ಯಾರು ಎಂಬುದು ಮನೆಯವರಿಗೆ ಗೊತ್ತಿರಲಿ. ನಂಬಿಕೆಯ ಜನರೇ ಇದ್ದಾರೆಂದು ಈ ನಿಯಮವನ್ನು ಸಡಿಲಿಸಲೇಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫೋಟೋ ರಟ್ಟುಗಳನ್ನು ಈ ವಾರವೇ ಮಾಡುತ್ತೇನೆ. ಇನ್ನೊಂದು ಮಾತು: ಅವರ ತಾಯಿಗೆ ವಯಸ್ಸಾಗಿದೆ. ಭೋಜನದ ವಿಚಾರಕ್ಕಿಂತ, ತಾನು ಹೋದ ಮೇಲೆ ಮಗನ ಗತಿಯೇನು ಎಂಬ ಚಿಂತೆಯೇ ಅವರನ್ನು ಹೆಚ್ಚು ಕಾಡುತ್ತಿದೆ.

ಉತ್ತರ 3: ಮಗಳ ತಂದೆ, ವಿಜಯಪುರ

ತಾಯಿ, ಸಭೆಯ ಸೇವೆ ಎಂದರೆ ಇದೂ ಹೌದು. ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಹೆತ್ತವರು ಕಾನೂನಿನ ಪ್ರಕಾರ ತಾವಾಗಿಯೇ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಇರುವವರಿಗೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಯಲ್ಲಿ ಜಿಲ್ಲಾಧಿಕಾರಿಗಳಿರುತ್ತಾರೆ. ಅರ್ಜಿಯನ್ನು ತಾಯಿ ಬದುಕಿರುವಾಗಲೇ ಹಾಕಿಸಿರಿ. ಅದೇ ನ್ಯಾಸದ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು ಪಡೆಯಬಹುದು. ಕಾಗದಪತ್ರ ಎಂದರೆ ಎಂಥವರಿಗೂ ತಲೆಬೇನೆಯೇ. ಆದ್ದರಿಂದ ಸಭೆಯ ಇಬ್ಬರು ಯುವಕರು ಅವರೊಡನೆ ಕೂತು, ಮೊದಲು ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ನಿಮ್ಮ ಪುರಸಭೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿರಿ. ಪೋಷಕರಾಗಲು ಒಪ್ಪುವ ಬಂಧುಗಳು ಯಾರೆಂದು ಆ ತಾಯಿಯನ್ನೂ, ಯಾರ ಜೊತೆ ಇರಲು ಇಷ್ಟವೆಂದು ಮಗನನ್ನೂ ಕೇಳಿಯೇ ಅರ್ಜಿ ಬರೆಯಿಸಿರಿ.